ಕರೆಂಟೇ ಕುಡಿಯದ ಕಟ್ಟಡ

ಪುರಭವನದ ಮೇಲ್ವಿಚಾರಕರಿಗೆ ಹೊಗಳಿಕೆ ಅಂದರೆ ಪ್ರಾಣ. ಹಾಗಂತ ಅದನ್ನು ಬಾಯಿಬಿಟ್ಟು ಕೇಳುವವರಲ್ಲ ಅವರು. ಹೊಗಳುವವರಿಗೆ ಅನುಕೂಲವಾಗುವಂಥ ಜಾಗ ನೋಡಿ ಹೋಗಿ ನಿಂತುಕೊಳ್ಳುತ್ತಿದ್ದರು, ಅಷ್ಟೆ. ಜೀವಮಾನದ ಮುಕ್ಕಾಲು ಪಾಲು ಹಾಗೆ ನಿಂತೇ ಕಳೆದಿದ್ದರೂ ಆ ಕಡೆ ಯಾರೂ ಸುಳಿದಿರಲಿಲ್ಲ. ಲಿಫ್ಟು ಕೆಟ್ಟರೆ ಅವರನ್ನು ಕರೆಯುತ್ತಿದ್ದರು, ನಲ್ಲಿ ಸೋರಿದರೆ ಅವರನ್ನು ಬೈಯುತ್ತಿದ್ದರು. ಲಿಫ್ಟು ನೆಟ್ಟಗೆ ಮೇಲೆ ಹೋದ ದಿನ ‘ಆಹಾ, ಮೇಲ್ವಿಚಾರಕರೇ!’ ಅಂದವರು ಊರಿಗೆಲ್ಲ ಒಬ್ಬರೂ ಇಲ್ಲ.

ಇಲ್ಲ ಅಂದರೆ ತಪ್ಪಾಗುತ್ತದೆ. ಒಬ್ಬನಿದ್ದ. ಭಾವಮೈದುನ, ಹೆಂಡತಿಯ ತಮ್ಮ. ಪುರಭವನದ ಪಕ್ಕದ ಓಣಿಯಾಚೆ, ಮೇಲ್ವಿಚಾರಕರ ಕಿಟಕಿಗೆ ನೇರ ಎದುರಿಗೆ ಅವನ ಹೊಲಿಗೆ ಅಂಗಡಿ. ಕತ್ತಿನಲ್ಲಿ ಅಳತೆ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಬಾಯಿ ತುಂಬ ಗುಂಡುಸೂಜಿ. ಆ ಸೂಜಿಗಳ ನಡುವಿನಿಂದಲೇ ಹೊತ್ತುಹೊತ್ತಿಗೆ ‘ಭಾವಾ!’ ಎಂದು ಕೂಗುತ್ತಿದ್ದ. ‘ಭಾವಾ, ಟೀ ಬಂತು!’ ‘ಭಾವಾ, ನಿನ್ನೆ ನಿಮ್ಮ ಲಿಫ್ಟಲ್ಲಿ ಹೋದೆ, ಮಗು ಮಲಗಿಸೋ ಹಾಗೆ ಮೇಲೆ ಕರ್ಕೊಂಡು ಹೋಯ್ತು!’ ಈ ಒಂದು ಮಾತಿನ ಮೇಲೆ ಮೇಲ್ವಿಚಾರಕರು ವಾರಗಟ್ಟಲೆ ಬದುಕುತ್ತಿದ್ದರು. ಅದಕ್ಕೆ ಪ್ರತಿಯಾಗಿ ಅವರೂ ಒಂದು ಉಪಕಾರ ಮಾಡಿದ್ದರು. ತಮ್ಮ ಕಿಟಕಿಯ ಮೇಲಿನ ಸರಳಿನಿಂದ ಅಂಗಡಿಯ ಬಾಗಿಲ ತಲೆಯವರೆಗೆ ತಮ್ಮ ಕೈಯಾರೆ ಒಂದು ತಂತಿ ಎಳೆದು ಕಟ್ಟಿಕೊಟ್ಟಿದ್ದರು. ಇಸ್ತ್ರಿ ಮಾಡಿದ ಬಟ್ಟೆಗಳು ಆರಲು ಅದರ ಮೇಲೆ ತೂಗುತ್ತಿದ್ದವು. ಓಣಿಯಲ್ಲಿ ಓಡಾಡುವವರೆಲ್ಲ ಯಾರದೋ ಪ್ಯಾಂಟಿಗೆ ತಲೆಬಾಗಿಯೇ ಮುಂದೆ ಹೋಗಬೇಕಿತ್ತು.

ಇಂತಿರಲಾಗಿ ಒಂದು ದಿನ ಆಯುಕ್ತರು ಎಲ್ಲರನ್ನೂ ಸಭೆಗೆ ಕರೆದರು.

“ನಮ್ಮ ಕಟ್ಟಡಕ್ಕೆ ವಯಸ್ಸಾಯ್ತು. ದೀಪ ಮಿಣುಕುತ್ತೆ, ಎಸಿ ಗುಡುಗುತ್ತೆ, ಕಿಟಕಿ ಮುಚ್ಚಿದ್ರೂ ಗಾಳಿ ಬರುತ್ತೆ. ಎಲ್ಲಾ ಬದಲಾಯಿಸ್ಬೇಕು. ಆದರೆ ನಮ್ಮ ಹತ್ರ ದುಡ್ಡಿಲ್ಲ,” ಅಂದರು.

ಕೊನೆಯ ಮಾತು ಎಲ್ಲರಿಗೂ ಪರಿಚಯದ್ದೇ ಆದ್ದರಿಂದ ಎಲ್ಲರೂ ತಲೆಯಾಡಿಸಿದರು.

“ಅದಕ್ಕೇ ಒಂದು ಕಂಪನಿ ಮುಂದೆ ಬಂದಿದೆ. ಎಲ್ಲಾ ಅವರೇ ಹಾಕಿಕೊಡ್ತಾರೆ. ನಾವು ಒಂದು ಕಾಸೂ ಕೊಡಬೇಕಾಗಿಲ್ಲ. ಕರೆಂಟ್ ಬಿಲ್ಲು ಕಮ್ಮಿ ಆಗತ್ತಲ್ಲ, ಆ ಉಳಿದ ಹಣದಲ್ಲೇ ವರ್ಷ ವರ್ಷ ಅವರದ್ದು ತಗೋತಾರೆ. ಇಷ್ಟು ಉಳಿಸ್ತೀವಿ ಅಂತ ಬರೆದು ಖಾತರಿ ಕೊಡ್ತಾರೆ. ಅಷ್ಟು ಉಳೀಲಿಲ್ಲ ಅನ್ನಿ, ಕಮ್ಮಿ ಬಿದ್ದಿದ್ದನ್ನ ಅವರೇ ನಮಗೆ ತುಂಬಿಕೊಡ್ತಾರೆ.”

“ಅಂದ್ರೆ ಹೆಂಗಾದ್ರೂ ನಮಗೇ ಲಾಭ?” ಎಂದರು ತೆರಿಗೆ ಕೌಂಟರಿನ ಗುಮಾಸ್ತೆ. ಇಪ್ಪತ್ತು ವರ್ಷದಿಂದ ತೆರಿಗೆ ವಸೂಲಿ ಮಾಡಿ ಮಾಡಿ, ಯಾರಾದರೂ ಏನಾದರೂ ಕೊಡುತ್ತೇನೆಂದರೆ ಅವರಿಗೆ ತಕ್ಷಣ ಅನುಮಾನ ಬರುತ್ತಿತ್ತು.

“ಹೆಂಗಾದ್ರೂ ನಮಗೇ. ಮುಂದಿನ ವಾರ ಕಂಪನಿ ಇಂಜಿನಿಯರ್ ಬಂದು, ನಾವೆಷ್ಟು ಕರೆಂಟ್ ಉಪಯೋಗಿಸ್ತೀವಿ ಅಂತ ಅಳತೆ ಮಾಡ್ತಾರೆ. ಮೇಲ್ವಿಚಾರಕರೇ, ಅದು ನಿಮ್ಮ ಜವಾಬ್ದಾರಿ.”

ಮೇಲ್ವಿಚಾರಕರಿಗೆ ಉಳಿದ ಯಾವ ಮಾತೂ ಕಿವಿಗೆ ಬೀಳಲಿಲ್ಲ. ಹೊರಗಿನವರು ಬರುತ್ತಾರೆ, ಅಳೆಯುತ್ತಾರೆ. ಅಂದರೆ ಪರೀಕ್ಷೆ. ಪರೀಕ್ಷೆ ಅಂದಮೇಲೆ ಪಾಸಾಗಬೇಕು. ನೆಂಟರು ಬರುವ ಮುಂಚೆ ಮಂಚದ ಕೆಳಗಿನದನ್ನೆಲ್ಲ ಬಚ್ಚಲಿಗೆ ಸಾಗಿಸುವುದಿಲ್ಲವೆ? ಮನೆಯ ಮರ್ಯಾದೆ ಬೇರೆ ಅಲ್ಲ, ಕಚೇರಿಯ ಮರ್ಯಾದೆ ಬೇರೆ ಅಲ್ಲ.

“ನೋಡ್ತಿರು, ನಮ್ಮ ಕಟ್ಟಡಕ್ಕೆ ನೂರಕ್ಕೆ ನೂರು ತಗೊಂಡೇ ತಗೋತೀನಿ,” ಎಂದು ಕಿಟಕಿಯಿಂದ ಸಾರಿದರು.

“ನಿಮಗಲ್ದೆ ಇನ್ಯಾರಿಗೆ ಬರುತ್ತೆ ಭಾವಾ!” ಎಂದ ಭಾವಮೈದುನ, ಸೂಜಿಗಳ ನಡುವಿನಿಂದ.

ಸೋಮವಾರ ಇಂಜಿನಿಯರಮ್ಮ ಬಂದಳು. ಚುರುಕಿನ ಹೆಣ್ಣುಮಗಳು. ಮೇನ್ ಬೋರ್ಡಿನ ಮುಂದೆ ಮಂಡಿಯೂರಿ ಒಂದು ಪುಟ್ಟ ಪೆಟ್ಟಿಗೆ ಸಿಕ್ಕಿಸಿ, “ಒಂದು ವಾರ ಇದು ಹೀಗೇ ಇರ್ಲಿ ಸಾರ್. ನೀವೆಲ್ಲ ಎಂದಿನ ಹಾಗೇ ಕೆಲಸ ಮಾಡ್ತಿರಿ,” ಎಂದು ಹೇಳಿ ಹೊರಟುಹೋದಳು. ಎಂದಿನ ಹಾಗೆ! ನೆಂಟರೂ ಬಾಗಿಲಲ್ಲಿ ನಿಂತು ‘ನಮಗೋಸ್ಕರ ಏನೂ ಮಾಡೋಕೆ ಹೋಗಬೇಡಿ’ ಅನ್ನುತ್ತಾರೆ. ಹಾಗಂತ ಯಾರಾದರೂ ಸುಮ್ಮನಿರುತ್ತಾರೆಯೇ? ಮೇಲ್ವಿಚಾರಕರು ಅರ್ಥಗರ್ಭಿತವಾಗಿ ನಕ್ಕರು. ಅವಳ ಕಾರು ತಿರುವು ದಾಟಿದ್ದೇ ತಡ, ಮೊದಲ ಸ್ವಿಚ್ಚು ಆರಿತು.

ಆ ವಾರವನ್ನು ಪುರಭವನದವರು ಇಂದಿಗೂ ಕತ್ತಲೆ ವಾರ ಅಂತಲೇ ಕರೆಯುತ್ತಾರೆ. ದೀಪ ಆರಿತು, ಫ್ಯಾನು ನಿಂತಿತು, ಎಸಿ ಉಸಿರು ಬಿಟ್ಟಿತು. ಲಿಫ್ಟಿನ ಬಾಗಿಲಿಗೆ ‘ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು’ ಎಂದು ಬೋರ್ಡು ಬಿತ್ತು. ನೀರು ಕಾಯಿಸುವ ಕೆಟಲ್ಲನ್ನು ಮೇಲ್ವಿಚಾರಕರು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ತೆರಿಗೆ ಗುಮಾಸ್ತೆ ಮೇಜು ಕುರ್ಚಿ ಸಮೇತ ವರಾಂಡಕ್ಕೆ ಬಂದು, ಬಿಸಿಲು ಸರಿದ ಹಾಗೆಲ್ಲ ತಾವೂ ಸರಿಯುತ್ತ ಹೋದರು. ಹನ್ನೊಂದಕ್ಕೆ ಬಾಗಿಲ ಹತ್ತಿರ ಅರ್ಜಿ ಕೊಟ್ಟವರು ಮೂರಕ್ಕೆ ರಸೀದಿ ತೆಗೆದುಕೊಳ್ಳಲು ಹಿತ್ತಲಿಗೆ ಹೋಗಬೇಕಾಯಿತು. ವಿವಾಹ ನೋಂದಣಿ ಕೋಣೆಗಂತೂ ಇದ್ದದ್ದೇ ಒಂದು ಕಿಟಕಿ, ಅದೂ ಗೋಡೆಯ ಕಡೆಗೆ. ಅಲ್ಲಿ ವರ ಸಹಿ ಹಾಕಬೇಕಾದ ಜಾಗದಲ್ಲಿ ವಧುವಿನ ಅಪ್ಪ ಸಹಿ ಹಾಕಿ, ವರ ಬರೀ ಸಾಕ್ಷಿಯಾಗಿ ಮನೆಗೆ ಹೋದ.

“ರೀ, ನನಗೆ ಸೊನ್ನೆ ಯಾವುದು ಎಂಟು ಯಾವುದು ಕಾಣ್ತಿಲ್ಲ!” ಎಂದು ಗುಮಾಸ್ತೆ ಕೂಗಿದರು.

“ಶ್! ಪೆಟ್ಟಿಗೆ ಕೇಳಿಸ್ಕೊಳ್ಳತ್ತೆ!” ಎಂದರು ಮೇಲ್ವಿಚಾರಕರು. ಪೆಟ್ಟಿಗೆಯ ಮುಂದೆ ಹಾದುಹೋಗುವಾಗಲೆಲ್ಲ ತುದಿಗಾಲಲ್ಲೇ ನಡೆಯುತ್ತಿದ್ದರು. ಆಯುಕ್ತರು ಆ ವಾರ ಪರವೂರಿನ ಸಭೆಗೆ ಹೋಗಿದ್ದರಿಂದ ಕೇಳುವವರೂ ಇರಲಿಲ್ಲ.

ವಾರ ಕಳೆದು ಇಂಜಿನಿಯರಮ್ಮ ಬಂದು, ಆಗಷ್ಟೇ ಊರಿಗೆ ಮರಳಿದ್ದ ಆಯುಕ್ತರ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಮೇಲ್ವಿಚಾರಕರು ಹೊಗಳಲು ಅನುಕೂಲವಾಗುವಂತೆ ಪಕ್ಕದಲ್ಲೇ ನಿಂತರು.

ಅವಳು ಒಮ್ಮೆ ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. “ಸಾರ್, ಈ ಕಟ್ಟಡ ಕರೆಂಟೇ ಕುಡೀತಿಲ್ಲ.”

ಮೇಲ್ವಿಚಾರಕರ ಎದೆ ಅಂಗಿಯ ಗುಂಡಿಯನ್ನು ಪರೀಕ್ಷಿಸುವಷ್ಟು ಉಬ್ಬಿತು.

“ಹಾಗಾದ್ರೆ ಒಳ್ಳೇದೇ ಅಲ್ವೇ?” ಎಂದರು ಆಯುಕ್ತರು.

“ಒಳ್ಳೇದು ಹೇಗೆ ಸಾರ್? ಖರ್ಚೇ ಇಲ್ಲದ ಕಡೆ ನಾವು ಉಳಿಸೋದೇನು? ಉಳಿಯದಿದ್ರೆ ಖಾತರಿ ಕೊಟ್ಟು ನಾವೇ ಕೈಯಿಂದ ಕಟ್ಟಬೇಕಾಗತ್ತೆ. ಒಪ್ಪಂದ ಆಗೋ ಮಾತೇ ಇಲ್ಲ. ಆದ್ರೆ ವಿಚಿತ್ರ ಏನಂದ್ರೆ, ನಿಮ್ಮ ಹಳೇ ಬಿಲ್ಲುಗಳು ನೋಡಿದ್ರೆ ಆನೆ ಸಾಕಿದ ಹಾಗಿದೆ, ಪೆಟ್ಟಿಗೆ ನೋಡಿದ್ರೆ ಇರುವೆ ಸಾಕಿದ ಹಾಗಿದೆ.” ಅವಳು ಮೇಲ್ವಿಚಾರಕರ ಕಡೆ ತಿರುಗಿದಳು. “ಆ ವಾರ ಎಲ್ಲಾ ಎಂದಿನ ಹಾಗೇ ನಡೀತಲ್ವಾ ಸಾರ್?”

ಸತ್ಯ ಹೇಳಲು ಅದಕ್ಕಿಂತ ಪ್ರಶಸ್ತವಾದ ಗಳಿಗೆ ಇರಲಿಲ್ಲ. ಬಾಯಿ ತೆರೆದೂ ಆಗಿತ್ತು. ಆದರೆ ನೂರಕ್ಕೆ ನೂರು ತೆಗೆದ ಹುಡುಗನನ್ನು ‘ಕಾಪಿ ಹೊಡೆದೆಯಾ?’ ಎಂದು ಕೇಳಿದಂತಾಗಿ, “ಎಂದಿನ ಹಾಗೇ ಮೇಡಂ, ನಾವು ಮೊದಲಿಂದಲೂ ಮಿತವ್ಯಯದವರು,” ಅಂದುಬಿಟ್ಟರು.

“ಹಾಗಾದ್ರೆ ಬಿಲ್ಲಿನ ಮೀಟರಿಗೂ ನನ್ನ ಪೆಟ್ಟಿಗೆಗೂ ನಡುವೆ ಯಾರೋ ತಂತಿ ಎಳೆದಿರಬಹುದು. ಬೇರೆ ಕಾರಣನೂ ಇರಬಹುದು, ಇನ್ನೊಂದ್ಸಲ...”

ಆಯುಕ್ತರು ಅರ್ಧಕ್ಕೇ ಎದ್ದು ನಿಂತಿದ್ದರು. “ಕಳ್ಳತನ! ಸರ್ಕಾರಿ ಕರೆಂಟಿನ ಕಳ್ಳತನ! ನಡೀರಿ, ಹುಡುಕೋಣ!”

ಆಯುಕ್ತರು ಮುಂದೆ, ಇಂಜಿನಿಯರಮ್ಮ ಹಿಂದೆ, ಅವಳ ಹಿಂದೆ ಮೇಜು ಬಿಟ್ಟು ಬಂದ ಇಡೀ ಕಚೇರಿ, ಅವರ ಹಿಂದೆ ರಸೀದಿಗಾಗಿ ಕಾಯುತ್ತಿದ್ದ ಜನ. ಕತ್ತಲೆಯ ಕಾರಣ ಗೊತ್ತಿದ್ದವರೂ ಆಯುಕ್ತರ ಮಾತಿಗೆ ಅಡ್ಡ ಬಾಯಿ ಹಾಕುವವರಲ್ಲ. ಕಟ್ಟಡಕ್ಕೆ ಒಂದು ಸುತ್ತು ಹಾಕಿ ಮೆರವಣಿಗೆ ಓಣಿಗೆ ಹೊಕ್ಕಿತು. ಆಯುಕ್ತರು ತಲೆಯೆತ್ತಿ ನೋಡಿದರು. ಪುರಭವನದ ಕಿಟಕಿಯಿಂದ ಹೊಲಿಗೆ ಅಂಗಡಿಗೆ, ಹಾಡಹಗಲಲ್ಲಿ, ಒಂದು ತಂತಿ.

“ಏನಯ್ಯಾ, ಈ ತಂತಿ ಎಲ್ಲಿಂದ ಬಂತು?”

“ನಿಮ್ಮ ಕಿಟಕಿಯಿಂದ ಸಾರ್,” ಎಂದ ಭಾವಮೈದುನ, ಸೂಜಿಗಳನ್ನು ಅಂಗೈಗೆ ಉಗುಳಿಕೊಂಡು.

“ಒಪ್ಕೊಂಡ! ಎಲ್ಲರೂ ಕೇಳಿಸ್ಕೊಂಡ್ರಲ್ಲ, ಒಪ್ಕೊಂಡ!”

“ಏನು ಒಪ್ಕೊಂಡೆ? ಸಾರ್, ಅದು ಬಟ್ಟೆ ತಂತಿ. ಅದರ ಮೇಲೆ ತೂಗ್ತಿರೋದು ನಿಮ್ಮದೇ ಪ್ಯಾಂಟು, ಸೊಂಟ ಬಿಡಿಸೋಕೆ ಕೊಟ್ಟಿದ್ರಲ್ಲ. ಅದರಲ್ಲಿ ಕರೆಂಟ್ ಇದ್ದಿದ್ರೆ ಇಷ್ಟೊತ್ತಿಗೆ ಅದು ಕುಣೀತಿರಬೇಕಿತ್ತು!”

ಜನ ಗೊಳ್ಳೆಂದರು. ಆಯುಕ್ತರ ಕಿವಿ ಕೆಂಪಾಯಿತು. ಸೊಂಟದ ವಿಷಯ ಈವರೆಗೆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಬೇಕಾದ್ರೆ ಭಾವನ್ನೇ ಕೇಳಿ. ಕಟ್ಟಿಕೊಟ್ಟಿದ್ದೇ ಅವರು. ಹೇಳಿ ಭಾವಾ.”

ಇಡೀ ಓಣಿ ತಿರುಗಿ ಮೇಲ್ವಿಚಾರಕರನ್ನು ನೋಡಿತು. ಕಟ್ಟಿದ್ದು ನಾನೇ ಅಂದರೆ ಸರ್ಕಾರಿ ಕಿಟಕಿಗೆ ಖಾಸಗಿ ತಂತಿ ಏಕೆ ಅನ್ನುತ್ತಾರೆ. ಇದು ಕಳ್ಳತನ ಅಲ್ಲ ಅಂದರೆ, ಮತ್ತೆ ಕರೆಂಟು ಎಲ್ಲಿ ಹೋಯಿತು ಅನ್ನುತ್ತಾರೆ. ಮೇಲ್ವಿಚಾರಕರ ಗಂಟಲು ಎರಡು ಸಲ ಮೇಲೆ ಹೋಗಿ ಕೆಳಗೆ ಬಂತು, ಥೇಟು ಅವರ ಲಿಫ್ಟಿನ ಹಾಗೆ.

“ನನಗೆ... ಸರಿಯಾಗಿ ನೆನಪಿಲ್ಲ.”

ಭಾವಮೈದುನ ಸೂಜಿಗಳನ್ನು ಒಂದೊಂದಾಗಿ ಮತ್ತೆ ಬಾಯಿಗಿಟ್ಟುಕೊಂಡ.

ನಾಳೆ ಬೆಳಿಗ್ಗೆ ವಿದ್ಯುತ್ ಕಚೇರಿಯ ತಪಾಸಣೆಯವರು ಬರುವವರೆಗೆ ಅಂಗಡಿ ಮುಚ್ಚಬೇಕೆಂದು ಆಯುಕ್ತರು ಅಪ್ಪಣೆ ಮಾಡಿದರು. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು, ಹಬ್ಬುತ್ತ ಹಬ್ಬುತ್ತ ಮೈಕೈ ತುಂಬಿಕೊಂಡಿತು. ದರ್ಜಿ ಒಂದು ಬೀದಿಗಾಗುವಷ್ಟು ಕರೆಂಟು ಕದ್ದನಂತೆ. ಅಲ್ಲ, ಒಂದು ಕಾರ್ಖಾನೆಗಾಗುವಷ್ಟಂತೆ. ನೆಲದಡಿಯಲ್ಲಿ ಕೂಡಿಟ್ಟಿದ್ದಾನಂತೆ, ಡ್ರಮ್ಮಿನಲ್ಲಿ! ಕೊಟ್ಟ ಬಟ್ಟೆ ಎಲ್ಲಿ ಜಪ್ತಿಯಾಗುತ್ತದೋ ಎಂದು ಗಿರಾಕಿಗಳು ಓಡೋಡಿ ಬಂದು, ಹೊಲಿದಷ್ಟನ್ನೇ ಕಿತ್ತುಕೊಂಡು ಹೋದರು. ಮರುದಿನ ಊರಿನಲ್ಲಿ ಒಂದೇ ತೋಳಿನ ಅಂಗಿಯವರು ಹಲವರು ಕಂಡರು.

ಮೇಲ್ವಿಚಾರಕರು ಮನೆಗೆ ಬಂದಾಗ ಮನೆಯಲ್ಲಿ ಒಂದೂ ದೀಪ ಇರಲಿಲ್ಲ.

“ಕರೆಂಟ್ ಹೋಗಿದ್ಯೇನೇ?”

“ಇಲ್ಲ. ಆರಿಸಿದೀನಿ,” ಎಂದಿತು ಕತ್ತಲೊಳಗಿಂದ ಹೆಂಡತಿಯ ದನಿ. “ನಿಮಗೆ ಕತ್ತಲೆ ಅಂದ್ರೆ ಬಲು ಇಷ್ಟ ಅಂತ ತೆರಿಗೆ ಗುಮಾಸ್ತೆ ಫೋನ್ ಮಾಡಿ ಹೇಳಿದ್ರು. ಒಂದು ವಾರ ಇಡೀ ಕಟ್ಟಡಕ್ಕೆ ಗೋಣಿ ಮುಚ್ಚಿದ ಹಾಗೆ ಮಾಡಿ, ಈಗ ಕಳ್ಳ ನನ್ನ ತಮ್ಮನೋ? ಊಟ ಮೇಜಿನ ಮೇಲಿದೆ. ಹುಡುಕ್ಕೊಂಡು ತಿನ್ನಿ.”

ಮೇಲ್ವಿಚಾರಕರು ಹುಡುಕಿದರು. ಮೊದಲು ಉಪ್ಪಿನಕಾಯಿ ಸಿಕ್ಕಿತು, ಆಮೇಲೆ ಬರೀ ತಟ್ಟೆ.

“ಲೇ, ನಾನು ಒಳ್ಳೇ ಉದ್ದೇಶದಿಂದ್ಲೇ...”

“ನಾಳೆ ಬೆಳಿಗ್ಗೆ ಆ ತಪಾಸಣೆಯವರ ಮುಂದೆ ನೀವಾಗಿ ಬಾಯಿ ಬಿಡ್ತೀರೋ, ನಾನೇ ಬಂದು ಬಿಡಿಸ್ಲೋ?”

ಹೆಂಡತಿ ಬಿಡಿಸಿದರೆ ಬಾಯಿಯ ಜೊತೆಗೆ ಇನ್ನೂ ಏನೇನು ಬಿಟ್ಟು ಬರುತ್ತದೋ ಎಂಬ ಅರಿವು ಮೇಲ್ವಿಚಾರಕರಿಗಿತ್ತು.

ಬೆಳಗಾಯಿತು. ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ತಪಾಸಣೆ ಅಧಿಕಾರಿ ಏಣಿ ಹತ್ತಿ, ಆಯುಕ್ತರ ಪ್ಯಾಂಟನ್ನು ಜರುಗಿಸಿ, ತಂತಿಗೆ ಟೆಸ್ಟರ್ ಮುಟ್ಟಿಸಿದ. ಟೆಸ್ಟರ್ ತಣ್ಣಗಿತ್ತು.

“ಇದರಲ್ಲಿ ಏನೂ ಇಲ್ಲ.”

“ಪತ್ತೆಯಾಗಬಾರದು ಅಂತ ಆರಿಸಿಟ್ಟಿದಾನೆ!” ಎಂದರು ಆಯುಕ್ತರು.

ಮೇಲ್ವಿಚಾರಕರು ಕಣ್ಣುಮುಚ್ಚಿ ಮುಂದೆ ಬಂದರು. “ಸ್ವಾಮಿ, ಬಿಟ್ಬಿಡಿ ಅವನನ್ನ. ಅಪರಾಧಿ ನಾನು!”

ಗುಂಪಿನಲ್ಲಿದ್ದ ಒಬ್ಬ ಅಜ್ಜಿ ಮೂಗು ಸೊರಕ್ಕೆನ್ನಿಸಿದರು. “ಅಯ್ಯೋ, ಎಂಥಾ ಭಾವ! ಭಾವಮೈದುನನಿಗೋಸ್ಕರ ತಾನೇ ಜೈಲಿಗೆ ಹೋಗ್ತೀನಿ ಅಂತಾನಲ್ಲ!”

“ಹಾಗಲ್ಲಮ್ಮ, ನಿಜವಾಗ್ಲೂ ನಾನೇ!”

“ನೋಡಿ ನೋಡಿ, ಇನ್ನೂ ಹೇಳ್ತಾನೆ!” ಜನ ಚಪ್ಪಾಳೆ ತಟ್ಟಿದರು. ಆಯುಕ್ತರು ಕರವಸ್ತ್ರ ತೆಗೆದರು. “ಮೇಲ್ವಿಚಾರಕರೇ, ನಿಮ್ಮ ಮನಸ್ಸು ದೊಡ್ಡದು. ಆದ್ರೆ ಕಾನೂನು ಕಾನೂನೇ.”

ವಿಧಿಯ ಆಟ ನೋಡಿ. ಜೀವಮಾನವಿಡೀ ಕಾದಿದ್ದ ಹೊಗಳಿಕೆ ಚಪ್ಪಾಳೆಯ ಸಮೇತ ಬಂದು ತಲೆಯ ಮೇಲೆ ಸುರಿಯುತ್ತಿದೆ. ಸುಮ್ಮನೆ ತಲೆ ತಗ್ಗಿಸಿ ನಿಂತರೆ ಸಾಕು. ಮೇಲ್ವಿಚಾರಕರು ಎದುರಿನ ಬಾಗಿಲನ್ನು ನೋಡಿದರು. ಚಪ್ಪಾಳೆ ತಟ್ಟದೆ ನಿಂತವರು ಇಬ್ಬರೇ. ಒಬ್ಬಳು ಹೆಂಡತಿ. ಇನ್ನೊಬ್ಬ ಸೂಜಿ ಕಚ್ಚಿಕೊಂಡು ನೆಲ ನೋಡುತ್ತಿದ್ದ.

“ಥೂ! ನಂಬಲ್ಲ ಅಂದ್ರೆ ತೋರಿಸ್ತೀನಿ ಬನ್ನಿ!” ಎಂದು ಕೂಗಿ ಮೇಲ್ವಿಚಾರಕರು ಪುರಭವನದೊಳಕ್ಕೆ ಓಡಿದರು.

ಪಟ್. ವರಾಂಡದ ದೀಪಗಳು ಹತ್ತಿದವು. ಪಟ್ ಪಟ್ ಪಟ್. ಎಲ್ಲ ಕೋಣೆಗಳ ಫ್ಯಾನುಗಳು ತಿರುಗಿದವು, ವಾರದಿಂದ ಕೂತಿದ್ದ ಧೂಳು ಮೇಲೆದ್ದಿತು, ಅದರ ಬೆನ್ನಿಗೆ ತೆರಿಗೆ ರಸೀದಿಗಳೂ ಎದ್ದವು. ಲಿಫ್ಟು ನರಳುತ್ತ ಹೊರಟಿತು. ಕಪಾಟಿನಿಂದ ಬಿಡುಗಡೆಯಾದ ಕೆಟಲ್ಲು ಸಿಳ್ಳೆ ಹಾಕಿತು. ಕೊನೆಗೆ ಚಾವಣಿಯ ಹಳೇ ಎಸಿ ಒಮ್ಮೆ ಕೆಮ್ಮಿ, ಕಟ್ಟಡ ನಡುಗುವಂತೆ ಗುಡುಗಿ, ಕೆಳಗೆ ನಿಂತಿದ್ದ ಆಯುಕ್ತರ ಬೋಳುತಲೆಯ ಮೇಲೆ ಒಂದು ಚೆಂಬಿನಷ್ಟು ನೀರು ಇಳಿಸಿತು.

“ಇದು! ಇದು ನಮ್ಮ ಎಂದಿನ ಹಾಗೆ!” ಎಂದು ಮೇಲ್ವಿಚಾರಕರು ಆ ಗದ್ದಲದಲ್ಲಿ ಅರಚಿದರು. “ವಾರವಿಡೀ ಎಲ್ಲಾ ಆರಿಸಿದ್ದು ನಾನು! ಮಾರ್ಕ್ಸ್ ಬರಲಿ ಅಂತ! ಆ ತಂತಿ ಕಟ್ಟಿದ್ದೂ ನಾನು, ಈ ಕೈಲೇ! ನನ್ನ ಭಾವಮೈದುನ ದಾರದ ತುಂಡು ಕೂಡ ಯಾರದ್ದೂ ಇಟ್ಕೊಂಡವನಲ್ಲ!”

ಆಯುಕ್ತರು ಮುಖ ಒರೆಸಿಕೊಂಡು ಏನೋ ಹೇಳಬೇಕು, ಅಷ್ಟರಲ್ಲಿ ಮೇನ್ ಬೋರ್ಡಿನ ಕಡೆಯಿಂದ ಕಿರುಚಾಟ ಕೇಳಿತು. ಪೆಟ್ಟಿಗೆ ಇನ್ನೂ ಅಲ್ಲೇ ಇತ್ತು. ಅದನ್ನು ಬಿಚ್ಚಿಕೊಂಡು ಹೋಗಲು ಬಂದಿದ್ದ ಇಂಜಿನಿಯರಮ್ಮ ಅದರ ಮುಂದೆ ಕುಣಿಯುತ್ತಿದ್ದಳು.

“ಸಾರ್! ಎಷ್ಟು ದುಂದು ಸಾರ್! ಅದ್ಭುತ! ಹಾಳು ಮಾಡೋದಂದ್ರೆ ಇದಪ್ಪಾ! ಇಂಥ ಕಟ್ಟಡ ನನ್ನ ಸರ್ವೀಸಲ್ಲೇ ನೋಡಿಲ್ಲ! ಇದರಲ್ಲಿ ಅರ್ಧ ಅಲ್ಲ, ಅರ್ಧಕ್ಕಿಂತ ಜಾಸ್ತಿ ಉಳಿಸ್ತೀವಿ. ಖಾತರಿ! ಬರೆದು ಕೊಡ್ತೀನಿ!”

“ಅಂದ್ರೆ... ನಾವು ಪಾಸಾ?” ಎಂದರು ಆಯುಕ್ತರು.

“ಫಸ್ಟ್ ಕ್ಲಾಸ್!”

ತಪಾಸಣೆ ಅಧಿಕಾರಿ ಏಣಿ ಹೆಗಲಿಗೇರಿಸಿ ಹೋದ. ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು, ಯಾರಿಗೆಂದು ಅವರಿಗೂ ಖಚಿತವಿರಲಿಲ್ಲ. ಅಳತೆ ಹೊಸದಾಗಿ ಶುರುವಾಯಿತು. ಈ ಸಲ ಎಲ್ಲರೂ ಎಂದಿನಂತೆ ಇರಲೇಬೇಕೆಂದು ಆಜ್ಞೆಯಾದದ್ದರಿಂದ, ಯಾರಿಗೂ ಎಂದಿನಂತಿರುವುದು ಹೇಗೆಂದೇ ಮರೆತುಹೋಯಿತು. “ನಾನು ಸಾಮಾನ್ಯವಾಗಿ ಇಷ್ಟೊತ್ತಿಗೆ ಆಕಳಿಸ್ತಿದ್ನಾ?” ಎಂದು ಗುಮಾಸ್ತೆ ಅಕ್ಕಪಕ್ಕದವರನ್ನು ಕೇಳಿಕೊಂಡು ಆಕಳಿಸಿದರು. ಅಂತೂ ಅಳತೆ ಮುಗಿಯಿತು. ಒಪ್ಪಂದಕ್ಕೆ ಸಹಿ ಬಿತ್ತು, ಸರಿಯಾದ ಜಾಗದಲ್ಲಿ. ಕಂಪನಿಯವರು ಬಂದು ಕಿಟಕಿ, ದೀಪ, ಎಸಿ ಎಲ್ಲ ಬದಲಾಯಿಸತೊಡಗಿದರು.

ಎಲ್ಲ ಸರಿಹೋಯಿತು, ಒಂದು ಬಿಟ್ಟು.

ಮೇಲ್ವಿಚಾರಕರು ತಪ್ಪೊಪ್ಪಿಕೊಂಡ ದಿನವೇ ಅಂಗಡಿಗೆ ಹೋಗಿದ್ದರು. “ತಪ್ಪಾಯ್ತು ಕಣೋ,” ಅಂದಿದ್ದರು.

ಭಾವಮೈದುನ ತಲೆಯೆತ್ತದೆ ಕೇಳಿದ್ದ, “ಏನು ಹೊಲಿಸ್ಬೇಕಿತ್ತು ಸಾರ್?”

ಸಾರ್! ಬೈದಿದ್ದರೆ ಬೈಸಿಕೊಳ್ಳುತ್ತಿದ್ದರು. ಕತ್ತರಿ ಎಸೆದಿದ್ದರೆ ತಪ್ಪಿಸಿಕೊಳ್ಳುತ್ತಿದ್ದರು. ಸಾರ್ ಅಂದಮೇಲೆ ಮನುಷ್ಯ ಏನು ಮಾಡಬೇಕು? ಬೇಡದ ಒಂದು ಪ್ಯಾಂಟಿಗೆ ಅಳತೆ ಕೊಟ್ಟು ಬಂದರು. ಆಮೇಲೆ ಇನ್ನೊಂದಕ್ಕೆ. ಭಾವಮೈದುನ ತಂತಿ ಬಿಚ್ಚಿ ಸುತ್ತಿ ಕಳಿಸಿಕೊಟ್ಟ, ಅಂಗಡಿಯ ಕಿಟಕಿಗೆ ಪರದೆ ಹಾಕಿದ. ಅಕ್ಕ ಹೋಗಿ ಹೇಳಿದರೂ ಅಷ್ಟೇ. “ನೆನಪಿಲ್ಲ ಅಂದ್ರಲ್ಲ ಅಕ್ಕಾ. ಊರ ಮುಂದೆ. ಆಮೇಲೆ ಒಳಗೆ ಏನು ಕೂಗಿದ್ರೋ, ನಂಗೆ ಎಸಿ ಗುಡುಗಿದ್ದಷ್ಟೇ ಕೇಳಿಸ್ತು. ನೆನಪಾದ್ಮೇಲೆ ಬರ್ಲಿ.”

ಈ ನಡುವೆ ಮೇಲ್ವಿಚಾರಕರ ಕೋಣೆಗೂ ಹೊಸ ದೀಪ ಬಂತು. ಬುದ್ಧಿವಂತ ದೀಪ. ಕೋಣೆಯಲ್ಲಿ ಅಲುಗಾಟವಿದ್ದರೆ ಉರಿಯುತ್ತದೆ, ಇಲ್ಲದಿದ್ದರೆ ಯಾರೂ ಇಲ್ಲವೆಂದು ತಾನಾಗಿ ಆರುತ್ತದೆ. ಕಷ್ಟವೇನೆಂದರೆ ಮೇಲ್ವಿಚಾರಣೆ ಎಂಬ ಕೆಲಸದಲ್ಲಿ ಅಲುಗಾಟ ಕಮ್ಮಿ. ಮೇಲ್ವಿಚಾರಕರು ಕುರ್ಚಿಯಲ್ಲಿ ಕೂತು ಎದುರಿನ ಪರದೆ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದಂತೆ ದೀಪ ಪಟಕ್ಕೆಂದು ಆರಿ, ಅವರು ಅಲ್ಲಿಲ್ಲವೆಂದು ತೀರ್ಮಾನಿಸುತ್ತಿತ್ತು. ಸೆನ್ಸರ್ ಇದ್ದದ್ದು ಕಿಟಕಿಯ ಮೇಲೆ. ಎದ್ದು, ಕಿಟಕಿಗೆ ಮುಖ ಮಾಡಿ, ಎರಡೂ ಕೈಯೆತ್ತಿ ಜೋರಾಗಿ ಬೀಸಿದರೆ ಮಾತ್ರ ಮತ್ತೆ ಹತ್ತುತ್ತಿತ್ತು. ಕೂರುವುದು, ಆರುವುದು, ಏಳುವುದು, ಬೀಸುವುದು. ದಿನವಿಡೀ ಇದೇ ಕಸರತ್ತು.

ಓಣಿಯಲ್ಲಿ ಹೋಗುವವರು ತಮಗೇ ಎಂದುಕೊಂಡು ತಿರುಗಿ ಕೈ ಬೀಸತೊಡಗಿದರು. “ನಮ್ಮ ಮೇಲ್ವಿಚಾರಕರಷ್ಟು ಸ್ನೇಹಜೀವಿ ಇನ್ನೊಬ್ಬರಿಲ್ಲ ನೋಡಿ,” ಎಂಬ ಮಾತೂ ಎದ್ದಿತು. ಇದೆಲ್ಲ ಪರದೆಯ ಹಿಂದಿನವನ ಕಿವಿಗೂ ಬಿತ್ತು.

ಮೊದಲು ಪರದೆ ಒಂದು ಬೆರಳಷ್ಟು ಸರಿಯಿತು. ಮಾರನೆಯ ದಿನ ಒಂದು ಗೇಣು. ಅದರಾಚೆಗಿನ ದಿನ, ಮಧ್ಯಾಹ್ನದ ಹೊತ್ತಿಗೆ, ದೀಪ ಆರಿ ಮೇಲ್ವಿಚಾರಕರು ಎದ್ದು ಎರಡೂ ಕೈ ಬೀಸುತ್ತಿರುವಾಗ, ಎದುರಿನ ಕಿಟಕಿ ಧಡಾರನೆ ತೆರೆಯಿತು.

“ಸಾಕು ನಿಲ್ಸಿ ಭಾವಾ! ಬೆಳಿಗ್ಗೆಯಿಂದ ನೋಡ್ತಿದೀನಿ, ಎಷ್ಟು ಸಲ ಅಂತ ಕೈ ಎತ್ತೀರಿ? ತೋಳು ಬಿದ್ದು ಹೋದ್ರೆ ಅಂಗಿ ಅಳತೆ ಬೇರೆ ಬದಲಾಯಿಸ್ಬೇಕು. ನಂಗೂ ನಾಚಿಕೆ ಆಗತ್ತೆ. ಟೀ ಬಂದಿದೆ, ಬನ್ನಿ!”

‘ಭಾವಾ’ ಅಂದ. ಮೇಲ್ವಿಚಾರಕರ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. “ಅದು... ನಾನು ಬೀಸ್ತಿದ್ದಿದ್ದು...” ಎಂದು ಶುರುಮಾಡಿದರು. ಈಚೆಗೆ ಸತ್ಯ ಹೇಳುವುದು ಸ್ವಲ್ಪ ರೂಢಿಯಾಗಿತ್ತು. ತಮ್ಮನನ್ನು ನೋಡಲು ಬಂದು ಅಂಗಡಿಯೊಳಗೆ ಟೀ ಬಗ್ಗಿಸುತ್ತಿದ್ದ ಹೆಂಡತಿ ತಲೆಯೆತ್ತಿ ಒಂದು ನೋಟ ನೋಡಿದಳು. ಬುದ್ಧಿವಂತ ದೀಪದ ಕಥೆಯನ್ನು ಅವಳು ರಾತ್ರಿ ಊಟದ ಹೊತ್ತಿನಲ್ಲಿ ಪೂರ್ತಿ ಕೇಳಿದ್ದಳು.

“...ನಿನಗೇ ಕಣೋ,” ಎಂದು ಮೇಲ್ವಿಚಾರಕರು ಮುಗಿಸಿದರು. “ತಂತೀನೂ ತರ್ತೀನಿ ಇರು. ಕಟ್ಟಿದ್ದು ನಾನೇ, ಚೆನ್ನಾಗಿ ನೆನಪಿದೆ.”

ಮುಂದಿನ ತಿಂಗಳು ಇಂಜಿನಿಯರಮ್ಮ ಉಳಿತಾಯ ನೋಡಲು ಬಂದಳು. ಖಾತರಿ ಕೊಟ್ಟದ್ದಕ್ಕಿಂತಲೂ ಹೆಚ್ಚೇ ಉಳಿದಿತ್ತು. ಖುಷಿಯಲ್ಲಿ ಕೋಣೆ ಕೋಣೆ ತಿರುಗುತ್ತ, ಮೇಲ್ವಿಚಾರಕರ ಕಿಟಕಿ ನೋಡಿ ತಲೆ ಚಚ್ಚಿಕೊಂಡಳು.

“ಅಯ್ಯೋ ಸಾರ್, ಈ ಸೆನ್ಸರ್ ತಪ್ಪು ಜಾಗದಲ್ಲಿ ಹಾಕಿದಾರೆ! ಪಾಪ, ಎಷ್ಟು ಕಷ್ಟಪಟ್ರೋ. ಎರಡೇ ನಿಮಿಷ, ಕುರ್ಚಿ ಮೇಲಕ್ಕೆ ಬದಲಾಯಿಸ್ತೀನಿ.”

“ಬೇಡಮ್ಮ,” ಎಂದರು ಮೇಲ್ವಿಚಾರಕರು.

“ಆಗಾಗ ಆರಿಹೋಗಲ್ವಾ ಸಾರ್?”

“ಆರಲಿ ಬಿಡಮ್ಮ.”

ಮಾತು ಮುಗಿಯುವಷ್ಟರಲ್ಲಿ ಆರಿಯೇಬಿಟ್ಟಿತು. ಮೇಲ್ವಿಚಾರಕರು ಅವಸರವಿಲ್ಲದೆ ಎದ್ದು, ಕಿಟಕಿಗೆ ಹೋಗಿ, ಯಾರದೋ ಹೊಸ ಪ್ಯಾಂಟುಗಳು ತೂಗುತ್ತಿದ್ದ ತಂತಿಯ ಮೇಲಿನಿಂದ ಎರಡೂ ಕೈ ಎತ್ತಿ ಬೀಸಿದರು. ದೀಪ ಹತ್ತಿತು. ಎದುರಿನ ಕಿಟಕಿಯಲ್ಲಿ ಅಳತೆ ಟೇಪು ಹಿಡಿದ ಒಂದು ಕೈ ಮೇಲೆದ್ದಿತು.